ಗಂಟು ಕೈಗೆ ಸಿಕ್ಕಿತು, ಮುಂದೇನು?

ಪ್ರಶ್ನೆ: ನನಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳಿಗೆ ಹದಿನಾರು, ಇನ್ನೊಬ್ಬಳಿಗೆ ಇಪ್ಪತ್ತೆರಡು. ಸ್ತನ ಕ್ಯಾನ್ಸರ್ ನಡುವಯಸ್ಸು ದಾಟಿದವರ ಕಾಯಿಲೆ ಎಂದೇ ಕೇಳುತ್ತಾ ಬಂದಿದ್ದೇನೆ. ಆದರೆ ಯುವತಿಯರಿಗೆ ಸ್ತನದ ಆರೋಗ್ಯದ ತಿಳಿವಳಿಕೆ ಕೊಡಲು ಸರ್ಕಾರವೇ ಕಾನೂನು ಮಾಡಿ ಹಣ ಎತ್ತಿಟ್ಟ ಉದಾಹರಣೆ ಇದೆಯೆಂದು ಈಚೆಗೆ ಓದಿದೆ. ಇದು ಸಾರ್ವಜನಿಕ ಹಣದ ಸದ್ಬಳಕೆಯೇ? ತಿಂಗಳಿಗೊಮ್ಮೆ ತಾವೇ ಮುಟ್ಟಿ ನೋಡಿಕೊಳ್ಳುವುದನ್ನು ಈ ವಯಸ್ಸಿನಲ್ಲೇ ಕಲಿಸಬೇಕೇ, ಅಥವಾ ಸುಮ್ಮನೆ ಹೆದರಿಸಿದಂತಾಗುತ್ತದೆಯೇ?

ಉತ್ತರ: ಸರ್ಕಾರ ಹಣ ಹಾಕಬೇಕೇ ಎಂದರೆ, ಖಂಡಿತ ಹಾಕಬೇಕು. ತಿಂಗಳಿಗೊಮ್ಮೆ ಮುಟ್ಟಿ ನೋಡಿಕೊಳ್ಳುವ ಕ್ರಮವನ್ನು ಹದಿನಾರರ ಹುಡುಗಿಗೆ ಪಾಠ ಮಾಡಬೇಕೇ ಎಂದರೆ, ಬೇಡ. ಈ ಎರಡು ಉತ್ತರಗಳು ಒಂದನ್ನೊಂದು ಹೊಡೆದುಹಾಕುವಂತೆ ಕಂಡರೆ ಆಶ್ಚರ್ಯವಿಲ್ಲ. ಇವೆರಡನ್ನೂ ಒಟ್ಟಿಗೆ ನುಂಗಿ ಅರಗಿಸಿಕೊಳ್ಳಲು ನನಗೇ ವರ್ಷಗಳು ಹಿಡಿದವು. ವೃತ್ತಿಯ ಮೊದಲ ದಿನಗಳಲ್ಲಿ, ಬಾಣದ ಗುರುತು ಹಾಕಿದ ಚಿತ್ರಪಟ ಹಿಡಿದು ಕಾಲೇಜು ಸಭಾಂಗಣಗಳಲ್ಲಿ ನಿಂತು, "ಮೂರು ಬೆರಳು, ಸಣ್ಣ ಸಣ್ಣ ವೃತ್ತ, ಹೊರಗಿನಿಂದ ಒಳಕ್ಕೆ" ಎಂದು ಹೇಳಿಕೊಟ್ಟವಳೇ ನಾನು.

ಆ ಚಿತ್ರಪಟವನ್ನು ಕೆಳಗಿಡುವಂತೆ ಮಾಡಿದ್ದು ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿ. ಹೊರರೋಗಿ ವಿಭಾಗದಲ್ಲಿ ನನ್ನೆದುರು ಕುಳಿತಾಗ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು. ಏಳು ವಾರಗಳ ಹಿಂದೆ ಇಂಥದೇ ಒಂದು ಉಪನ್ಯಾಸ ಕೇಳಿ ಮನೆಗೆ ಹೋಗಿ ಮುಟ್ಟಿ ನೋಡಿಕೊಂಡಿದ್ದಳು. ಬಲಭಾಗದಲ್ಲಿ ಗೋಲಿಯಷ್ಟು ದಪ್ಪದ ಗಂಟು ಸಿಕ್ಕಿತ್ತು. ಅಲ್ಲಿಂದೀಚೆಗೆ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ನಾನು ಪರೀಕ್ಷಿಸಿದಾಗ ಅದು ನುಣುಪಾಗಿ, ರಬ್ಬರಿನ ಹಾಗೆ ಇತ್ತು. ಬೆರಳು ಇಟ್ಟ ಕೂಡಲೇ ಪಕ್ಕಕ್ಕೆ ಜಾರಿಕೊಳ್ಳುತ್ತಿತ್ತು. ಈ ಜಾರುವಿಕೆಗಾಗಿಯೇ ವೈದ್ಯರ ನಡುವೆ ಇದಕ್ಕೆ 'ಸ್ತನದ ಇಲಿ' ಎಂಬ ಅಡ್ಡಹೆಸರಿದೆ. ನಿಜವಾದ ಹೆಸರು ಫೈಬ್ರೊಅಡಿನೋಮ. ಹದಿಹರೆಯದಿಂದ ಮೂವತ್ತರ ಆಸುಪಾಸಿನವರೆಗಿನ ಹೆಣ್ಣುಮಕ್ಕಳಲ್ಲಿ ಸಿಗುವ ಗಂಟುಗಳಲ್ಲಿ ಇದೇ ಬಹುಪಾಲು, ಇದು ಕ್ಯಾನ್ಸರ್ ಅಲ್ಲ. ಅಲ್ಟ್ರಾಸೌಂಡ್ ಮಾಡಿಸಿದೆವು, ಅಂಚುಗಳು ಸ್ವಚ್ಛವಾಗಿ ಕಂಡವು, ಆರು ತಿಂಗಳ ನಂತರ ಮತ್ತೊಮ್ಮೆ ನೋಡೋಣ ಎಂದು ಕಳುಹಿಸಿದೆ. ಹೊರಡುವ ಮುನ್ನ, ಏಳು ವಾರ ಏಕೆ ಕಾದೆ ಎಂದು ಕೇಳಿದೆ. "ಹುಡುಕುವುದು ಹೇಗೆ ಎಂದು ಹೇಳಿಕೊಟ್ಟರು. ಸಿಕ್ಕರೆ ಎಲ್ಲಿಗೆ ಹೋಗಬೇಕೆಂದು ಹೇಳಲಿಲ್ಲ" ಎಂದಳು.

ಸರ್ಕಾರದ ಹಣ ಎಲ್ಲಿಗೆ ಹೋಗಬೇಕು ಎಂಬ ನಿಮ್ಮ ಪ್ರಶ್ನೆಗೆ ಅವಳ ಎರಡನೆಯ ವಾಕ್ಯವೇ ಉತ್ತರ. ಉಳಿದದ್ದು ಅದರ ವಿವರಣೆ.

ಮೊದಲು ಅಳತೆ ಸರಿಯಾಗಿ ತಿಳಿದುಕೊಳ್ಳೋಣ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 6.7 ಲಕ್ಷ ಮಂದಿ ಅದರಿಂದ ತೀರಿಕೊಂಡರು. ಇವರಲ್ಲಿ ಹೆಚ್ಚಿನವರು ಐವತ್ತರ ಆಚೆಯವರು, ಆ ಮಟ್ಟಿಗೆ ನೀವು ಕೇಳಿದ್ದು ಸರಿಯೇ. ಅಮೆರಿಕದ ಲೆಕ್ಕದಂತೆ ಇಪ್ಪತ್ತರ ಹುಡುಗಿಗೆ ಮುಂದಿನ ಹತ್ತು ವರ್ಷಗಳಲ್ಲಿ ಈ ಕಾಯಿಲೆ ಬರುವ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಮೂವತ್ತಕ್ಕೆ ಬಂದಾಗ ಅದು ಸರಿಸುಮಾರು ಇನ್ನೂರಕ್ಕೆ ಒಂದು. ನಲವತ್ತಕ್ಕೆ ಅರವತ್ತೈದಕ್ಕೆ ಒಂದು. ಆದರೆ ಅದೇ ದೇಶದಲ್ಲಿ ಹೊಸ ಸ್ತನ ಕ್ಯಾನ್ಸರ್‌ಗಳಲ್ಲಿ ಹತ್ತಿರ ಹತ್ತಿರ ಹತ್ತನೆಯ ಒಂದು ಪಾಲು 45 ದಾಟದವರದು. ಒಬ್ಬೊಬ್ಬರಿಗೂ ಅಪಾಯ ಸಣ್ಣದು, ಒಟ್ಟು ಸೇರಿಸಿದರೆ ಸಣ್ಣದಲ್ಲ. ಎಳೆ ವಯಸ್ಸಿನಲ್ಲಿ ಬರುವ ಕ್ಯಾನ್ಸರ್ ಸಾಮಾನ್ಯವಾಗಿ ಹೆಚ್ಚು ಉಗ್ರವೂ ಹೌದು. ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ತಪಾಸಣೆಯ ಕಾರ್ಯಕ್ರಮಗಳು ಈ ವಯಸ್ಸಿನವರನ್ನು ಕರೆಯುವುದಿಲ್ಲ. ಗರ್ಭಿಣಿಯಲ್ಲಿ, ಹಾಲೂಡಿಸುವ ತಾಯಿಯಲ್ಲಿ ಗಂಟು ಕಂಡರೆ "ಹಾಲು ಕಟ್ಟಿರಬೇಕು" ಎಂದು ಮನೆಯವರೂ ಹೇಳುತ್ತಾರೆ, ಕೆಲವೊಮ್ಮೆ ವೈದ್ಯರೂ ಹೇಳುತ್ತಾರೆ. "ನಿನ್ನ ವಯಸ್ಸಿಗೆ ಇದೆಲ್ಲ ಬರುವುದಿಲ್ಲ" ಎಂಬ ಮಾತು ನನ್ನ ಬಳಿ ಬಂದ ತರುಣಿಯರಲ್ಲಿ ಎಷ್ಟು ಮಂದಿಯ ಚೀಟಿಯ ಹಿಂದೆ ಇತ್ತೋ, ನಾನು ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಸಿಟ್ಟು ಬರುತ್ತಿತ್ತು.

ನೀವು ಓದಿದ್ದು ಬಹುಶಃ ಅಮೆರಿಕದ 'ಅರ್ಲಿ' ಕಾಯ್ದೆಯ ವಿಚಾರ. ಅದರ ಕಥೆ ಹೇಳಬೇಕು. ಒಳ್ಳೆಯ ಉದ್ದೇಶ, ತಪ್ಪು ಹೆಜ್ಜೆ, ತಿದ್ದುಪಡಿ ಮೂರೂ ಅದರಲ್ಲಿವೆ. ಫ್ಲಾರಿಡಾದ ಸಂಸದೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ಅವರಿಗೆ 2007ರ ಕೊನೆಯಲ್ಲಿ, 41ನೆಯ ವಯಸ್ಸಿನಲ್ಲಿ, ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತು. ಸ್ವಲ್ಪ ದಿನಗಳ ಹಿಂದಷ್ಟೇ ಮಾಡಿಸಿದ್ದ ಮ್ಯಾಮೊಗ್ರಾಂ ಏನೂ ತೋರಿಸಿರಲಿಲ್ಲ. ಅದು ಕ್ಯಾನ್ಸರ್ ಆಗಿತ್ತು. ಮುಂದೆ ಅವರಲ್ಲಿ ಬಿಆರ್‌ಸಿಎ-2 ಎಂಬ ವಂಶವಾಹಿಯ ದೋಷವೂ ಪತ್ತೆಯಾಯಿತು. ಏಳು ಶಸ್ತ್ರಚಿಕಿತ್ಸೆಗಳನ್ನು ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಮುಗಿಸಿಕೊಂಡು, 2009ರ ಮಾರ್ಚ್‌ನಲ್ಲಿ ವಿಷಯ ಬಹಿರಂಗಪಡಿಸಿದರು. ಅದೇ ತಿಂಗಳು ಮಸೂದೆಯನ್ನೂ ಮಂಡಿಸಿದರು. ಯುವತಿಯರಿಗೆ ಸ್ತನದ ಆರೋಗ್ಯದ ಶಿಕ್ಷಣ, ವೈದ್ಯರಿಗೆ ತರಬೇತಿ, ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಬಂದವರಿಗೆ ನೆರವು: ಇವು ಅದರ ಮುಖ್ಯ ಅಂಶಗಳು. ವರ್ಷಕ್ಕೆ 90 ಲಕ್ಷ ಡಾಲರ್, ಐದು ವರ್ಷ.

ಇಂಥ ಮಸೂದೆಗೆ ಯಾರು ಬೇಡವೆನ್ನುತ್ತಾರೆ? ಬೇಡವೆಂದವರು ಇದ್ದರು, ಅದೂ ಕ್ಯಾನ್ಸರ್ ಕ್ಷೇತ್ರದೊಳಗಿನವರೇ. ಅವರ ಆಕ್ಷೇಪ ಹಣದ ಮೇಲಿರಲಿಲ್ಲ. ಕೋಟ್ಯಂತರ ಹುಡುಗಿಯರಿಗೆ "ಮುಟ್ಟಿ ನೋಡಿಕೋ, ಎಚ್ಚರವಾಗಿರು" ಎಂದು ಹೇಳಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಪುರಾವೆ ಎಲ್ಲಿದೆ ಎಂದು ಅವರು ಕೇಳಿದರು. ಭಯ ಹುಟ್ಟುತ್ತದೆ, ಬೇಡದ ಬಯಾಪ್ಸಿಗಳು (ಗಂಟಿನ ತುಣುಕು ತೆಗೆದು ಪರೀಕ್ಷಿಸುವುದು) ಆಗುತ್ತವೆ, ಲಾಭ ತೋರಿಸುವುದು ಹೇಗೆ ಎಂದರು. ನನಗೆ ಆಗ ಅದು ಕುಹಕ ಎನಿಸಿತ್ತು. ಈಗ ಓದಿದರೆ ಅವರ ಮಾತಿನಲ್ಲಿ ಮುಕ್ಕಾಲು ಪಾಲು ಸರಿಯಿತ್ತು.

ಏಕೆಂದರೆ ಆ ಹೊತ್ತಿಗಾಗಲೇ ಶಾಂಘೈನಿಂದ ಉತ್ತರ ಬಂದಾಗಿತ್ತು. 1989ರಿಂದ ಅಲ್ಲಿನ ಬಟ್ಟೆ ಗಿರಣಿಗಳ 2,66,064 ಮಹಿಳಾ ಕಾರ್ಮಿಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ವಯಂ ಪರೀಕ್ಷೆಯನ್ನು ಬರೀ ಕರಪತ್ರ ಕೊಟ್ಟು ಕಲಿಸಲಿಲ್ಲ. ಸಿಲಿಕೋನಿನ ಸ್ತನದ ಮಾದರಿಯ ಮೇಲೆ ಬೆರಳಾಡಿಸಿ ಕಲಿಸಿದರು, ಮತ್ತೆ ಮತ್ತೆ ನೆನಪಿಸಿದರು, ಮೇಲ್ವಿಚಾರಣೆಯಲ್ಲಿ ಮಾಡಿಸಿದರು. ಇದಕ್ಕಿಂತ ಶ್ರದ್ಧೆಯಿಂದ ಯಾವ ಸರ್ಕಾರವೂ ಕಲಿಸಲಾರದು. ಹತ್ತು ವರ್ಷ ಕಳೆದ ಮೇಲೆ ಎಣಿಸಿದರೆ, ಕಲಿತ ಗುಂಪಿನಲ್ಲಿ ಸ್ತನ ಕ್ಯಾನ್ಸರ್‌ನಿಂದ ಸತ್ತವರು 135, ಕಲಿಯದ ಗುಂಪಿನಲ್ಲಿ 131. ಗುಂಪುಗಳು ಹೆಚ್ಚು ಕಡಿಮೆ ಒಂದೇ ಗಾತ್ರದವು. ವ್ಯತ್ಯಾಸ ಕಂಡದ್ದು ಬೇರೆ ಕಡೆ: ಕ್ಯಾನ್ಸರ್ ಅಲ್ಲದ ಗಂಟುಗಳು ಕಲಿತವರಲ್ಲಿ 2,761, ಕಲಿಯದವರಲ್ಲಿ 1,505. ಅಂದರೆ ಹೆಚ್ಚುವರಿಯಾಗಿ ಸಾವಿರಕ್ಕೂ ಮಿಕ್ಕಿ ಹೆಂಗಸರು ಆತಂಕದ ಹಾದಿಯಲ್ಲಿ ನಡೆದು ಬಂದರು, ಸಾವಿನ ಲೆಕ್ಕ ಮಾತ್ರ ಕದಲಲಿಲ್ಲ. ಇವರೆಲ್ಲ ಮೂವತ್ತು ದಾಟಿದವರು ಎಂಬುದನ್ನು ಗಮನಿಸಿ. ಇಪ್ಪತ್ತರವರಲ್ಲಿ ಕ್ಯಾನ್ಸರ್ ಇನ್ನೂ ವಿರಳ, ಇಲಿಗಳು ಇನ್ನೂ ಹೇರಳ. 2009ರಲ್ಲಿ ಅಮೆರಿಕದ ರೋಗತಡೆ ಸೇವೆಗಳ ತಜ್ಞರ ಕಾರ್ಯಪಡೆಯು ಸ್ವಯಂ ಪರೀಕ್ಷೆಯನ್ನು ಕಲಿಸುವುದೇ ಬೇಡ ಎಂದು ಶಿಫಾರಸು ಮಾಡಿತು.

ಶಾಂಘೈ ಅಧ್ಯಯನವನ್ನು ತಪ್ಪಾಗಿ ಓದುವವರೂ ಇದ್ದಾರೆ. "ಮುಟ್ಟಿಕೊಳ್ಳುವುದೇ ಬೇಡ, ತಿಳಿದುಕೊಳ್ಳುವುದೇ ಬೇಡ" ಎಂದು ಅದು ಹೇಳಲಿಲ್ಲ. ಆ ಅಧ್ಯಯನದ ಎರಡೂ ಗುಂಪಿನ ಹೆಂಗಸರು ಸ್ನಾನ ಮಾಡುವಾಗ, ಬಟ್ಟೆ ಹಾಕಿಕೊಳ್ಳುವಾಗ ಗಂಟು ಕಂಡುಕೊಂಡು ವೈದ್ಯರ ಬಳಿ ಹೋಗುತ್ತಲೇ ಇದ್ದರು. ಸೋತದ್ದು ತಿಂಗಳ ವ್ರತ. ತನ್ನ ದೇಹದ ಪರಿಚಯ ಇರುವುದು ಬೇರೆ, ಪ್ರತಿ ತಿಂಗಳೂ ಶತ್ರುವನ್ನು ಹುಡುಕುವ ಹಾಗೆ ಶೋಧ ನಡೆಸುವುದು ಬೇರೆ.

ಈ ಭೇದವನ್ನು ಮೊದಲು ನೀತಿಯಾಗಿ ಮಾಡಿದವರಲ್ಲಿ ಬ್ರಿಟನ್ ಮುಖ್ಯ. ಅಲ್ಲಿನ ಆರೋಗ್ಯ ಇಲಾಖೆ 1991ರಲ್ಲೇ ಕ್ರಮಬದ್ಧ ಸ್ವಯಂ ಪರೀಕ್ಷೆಯ ಉಪದೇಶ ಬಿಟ್ಟು 'ಸ್ತನದ ಅರಿವು' ಎಂಬ ಮಾತಿಗೆ ಬಂತು. ಅದರ ಐದು ಸೂತ್ರಗಳು ಸರಳ: ನಿನಗೆ ಯಾವುದು ಸಹಜ ಎಂದು ತಿಳಿದಿರು, ನೋಡು ಮತ್ತು ಮುಟ್ಟು, ಯಾವ ಬದಲಾವಣೆಗೆ ಗಮನ ಕೊಡಬೇಕೆಂದು ತಿಳಿದಿರು, ಬದಲಾವಣೆ ಕಂಡರೆ ತಡಮಾಡದೆ ಹೇಳು, ಐವತ್ತಾದ ಮೇಲೆ ಕರೆದಾಗ ತಪಾಸಣೆಗೆ ಹೋಗು. ತಿಂಗಳ ಇಂಥ ದಿನ, ಇಷ್ಟು ನಿಮಿಷ ಎಂಬ ಲೆಕ್ಕ ಇದರಲ್ಲಿಲ್ಲ. ತಪ್ಪಿಸಿದರೆ ಪಾಪಪ್ರಜ್ಞೆಯೂ ಇಲ್ಲ. ನಾನು ಕಂಡ ಸರ್ಕಾರಿ ಪ್ರಕಟಣೆಗಳ ಪೈಕಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ವಿವೇಕ ಇರುವವು ಬೆರಳೆಣಿಕೆಯಷ್ಟು.

ಅಮೆರಿಕದ ಮಸೂದೆಯೂ ಟೀಕೆಯ ಏಟು ತಿಂದು ತಿದ್ದಿಕೊಂಡಿತು. 2010ರ ಮಾರ್ಚ್‌ನಲ್ಲಿ ಆರೋಗ್ಯ ವಿಮೆಯ ದೊಡ್ಡ ಕಾಯ್ದೆಯ ಒಳಗೆ ಸೇರಿ ಕಾನೂನಾದಾಗ, ಶಿಕ್ಷಣ ಪುರಾವೆಯ ಆಧಾರದ ಮೇಲೆ ನಡೆಯಬೇಕು ಎಂಬ ಷರತ್ತು ಅದರಲ್ಲಿತ್ತು. ಜಾರಿಯ ಹೊಣೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಮೇಲೆ, ಸಲಹೆಗೆ ಒಂದು ತಜ್ಞರ ಸಮಿತಿ. ಆ ಕೇಂದ್ರ 2015ರಲ್ಲಿ 'ಬ್ರಿಂಗ್ ಯುವರ್ ಬ್ರೇವ್' ಎಂಬ ಪ್ರಚಾರ ಶುರುಮಾಡಿತು. ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಕಂಡವರು, ಕುಟುಂಬದಲ್ಲಿ ಅಪಾಯ ಇರುವವರು ತಮ್ಮ ತಮ್ಮ ಕಥೆ ಹೇಳಿದರು; ಒತ್ತು ಬಿದ್ದದ್ದು ಕುಟುಂಬದ ಇತಿಹಾಸದ ಮೇಲೆ, ವಂಶವಾಹಿಯ ಮೇಲೆ. ಎಲ್ಲ ಹುಡುಗಿಯರಿಗೂ ಒಂದೇ ಗಂಟೆ ಬಾರಿಸುವ ಬದಲು, ನಿಜಕ್ಕೂ ಎಚ್ಚರವಾಗಬೇಕಾದವರನ್ನು ಹುಡುಕುವ ದಾರಿ ಇದು. 2014ರಲ್ಲಿ ಕಾಯ್ದೆ ನವೀಕರಣವಾದಾಗ ಮೊತ್ತ ವರ್ಷಕ್ಕೆ 49 ಲಕ್ಷ ಡಾಲರಿಗೆ ಇಳಿಯಿತು. ಸರ್ಕಾರಗಳ ಉತ್ಸಾಹದ ಆಯಸ್ಸು ಸಾಮಾನ್ಯವಾಗಿ ಅಷ್ಟೇ.

ಹಾಗಾದರೆ ಪಾಠದಲ್ಲಿ ಏನಿರಬೇಕು? ನನ್ನನ್ನು ಕೇಳಿದರೆ ಕ್ಯಾನ್ಸರ್ ಎಂಬ ಶಬ್ದ ಅರ್ಧ ಪಾಠ ಮುಗಿಯುವವರೆಗೂ ಬರಬಾರದು. ಮೊದಲು ಸಹಜ ಸ್ತನ. ಎರಡೂ ಒಂದೇ ಗಾತ್ರ ಇರಬೇಕಾಗಿಲ್ಲ, ಹೆಚ್ಚಿನವರಲ್ಲಿ ಇರುವುದೂ ಇಲ್ಲ. ಮುಟ್ಟಿನ ಹಿಂದಿನ ವಾರ ಭಾರವಾಗುವುದು, ನೋಯುವುದು, ಗಂಟುಗಂಟಾಗಿ ಕೈಗೆ ತಾಗುವುದು ಹಾರ್ಮೋನಿನ ಕೆಲಸ. ಬರೀ ನೋವು ಕ್ಯಾನ್ಸರ್‌ನ ಲಕ್ಷಣವಾಗುವುದು ಅಪರೂಪ. ಬಿಗಿಯಾದ ಒಳಉಡುಪಿನಿಂದ ಕ್ಯಾನ್ಸರ್ ಬರುತ್ತದೆ, ಬೆವರಿನ ವಾಸನೆ ತಡೆಯುವ ಲೇಪನದಿಂದ ಬರುತ್ತದೆ, ಪೆಟ್ಟು ಬಿದ್ದರೆ ಬರುತ್ತದೆ ಎಂಬ ಗಾಳಿಮಾತುಗಳನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಬಹುದು.

ಈ 'ಸಹಜ'ದ ಪಾಠ ತಾಯಂದಿರಿಗೂ ಶಿಕ್ಷಕಿಯರಿಗೂ ಎಷ್ಟು ಬೇಕು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಎಂಟರಿಂದ ಹದಿಮೂರು ವರ್ಷದೊಳಗೆ ಹುಡುಗಿಯ ಮೊಲೆತೊಟ್ಟಿನ ಕೆಳಗೆ ಗುಂಡಿಯಂಥ ಗಟ್ಟಿ ಗಂಟು ಮೂಡುತ್ತದೆ, ಮುಟ್ಟಿದರೆ ನೋವು. ಎಷ್ಟೋ ಸಲ ಮೊದಲು ಒಂದೇ ಬದಿಯಲ್ಲಿ ಬಂದು, ಇನ್ನೊಂದು ಬದಿಯಲ್ಲಿ ತಿಂಗಳುಗಟ್ಟಲೆ ಏನೂ ಕಾಣಿಸುವುದಿಲ್ಲ. ತಾಯಿ ಬೆಚ್ಚಿಬೀಳುತ್ತಾಳೆ. ಅದು ಗಡ್ಡೆಯಲ್ಲ, ಸ್ತನದ ಮೊಗ್ಗು. ಭಯದ ಭರದಲ್ಲಿ ಯಾರಾದರೂ ಅದನ್ನು ಕತ್ತರಿಸಿ ತೆಗೆದರೆ ಆ ಬದಿಯಲ್ಲಿ ಸ್ತನ ಬೆಳೆಯುವುದೇ ಇಲ್ಲ. ಹೂವಾಗಬೇಕಾದ್ದನ್ನೇ ಚಿವುಟಿದಂತೆ. ಹೀಗೆ ಒಂದು ಬದಿ ಕಳೆದುಕೊಂಡು, ಇಪ್ಪತ್ತನೆಯ ವಯಸ್ಸಿನಲ್ಲಿ ಪುನರ್ರಚನೆಯ ಶಸ್ತ್ರಚಿಕಿತ್ಸೆ ಕೇಳಿಕೊಂಡು ಬಂದವಳೊಬ್ಬಳನ್ನು ನಾನು ಕಂಡಿದ್ದೇನೆ. ಹತ್ತು ನಿಮಿಷದ ತಿಳಿವಳಿಕೆ ಅವಳ ತಾಯಿಗೆ ಸಿಕ್ಕಿದ್ದರೆ, ಅದಕ್ಕಿಂತ ಮುಖ್ಯವಾಗಿ ಚೂರಿ ಹಿಡಿದವರಿಗೆ ಸಿಕ್ಕಿದ್ದರೆ, ಅವಳು ನನ್ನ ಬಳಿ ಬರುವ ಅಗತ್ಯವೇ ಇರುತ್ತಿರಲಿಲ್ಲ.

ಆಮೇಲೆ ಎಚ್ಚರದ ಚಿಹ್ನೆಗಳು. ಒಂದು ಮುಟ್ಟಿನ ಚಕ್ರ ಕಳೆದರೂ ಹೋಗದ ಗಂಟು; ಅದರಲ್ಲೂ ಗಟ್ಟಿಯಾಗಿ, ಅಲುಗಾಡದೆ ಕುಳಿತದ್ದು. ಚರ್ಮದಲ್ಲಿ ಗುಳಿ, ಅಥವಾ ಕಿತ್ತಳೆಯ ಸಿಪ್ಪೆಯಂಥ ಒರಟು. ಹೊಸದಾಗಿ ಒಳಕ್ಕೆ ಎಳೆದುಕೊಂಡ ತೊಟ್ಟು (ಹುಟ್ಟಿನಿಂದ ಹಾಗೇ ಇದ್ದರೆ ಚಿಂತೆಯಿಲ್ಲ). ಹಿಂಡದೆಯೇ ಒಂದೇ ಬದಿಯಿಂದ ರಕ್ತ ಬೆರೆತ ಸ್ರಾವ. ಒಂದೇ ತೊಟ್ಟಿನ ಮೇಲೆ ಮದ್ದಿಗೆ ಬಗ್ಗದ ಇಸುಬು. ಕಂಕುಳಲ್ಲಿ ಗಂಟು. ಇಷ್ಟು ಕೇಳಿಸಿಕೊಂಡ ಹುಡುಗಿಗೆ ಕೂಡಲೇ ಇನ್ನೊಂದು ಮಾತನ್ನೂ ಹೇಳಬೇಕು: ನಿನ್ನ ವಯಸ್ಸಿನಲ್ಲಿ ಗಂಟು ಸಿಕ್ಕರೆ ಅದು ನಿರಪಾಯವಾಗಿರುವ ಸಾಧ್ಯತೆಯೇ ಹೆಚ್ಚು, ಆದರೂ ತೋರಿಸು, ಖಾತ್ರಿ ಮಾಡಿ ಹೇಳುವುದು ವೈದ್ಯರ ಕೆಲಸ, ನಿನ್ನದಲ್ಲ. ನಾನು ಕೇಳಿದ ಉಪನ್ಯಾಸಗಳಲ್ಲಿ ಕೈಬಿಟ್ಟುಹೋಗುವುದು ಯಾವಾಗಲೂ ಈ ಮಾತೇ.

ಮೂರನೆಯದು ಕುಟುಂಬದ ಇತಿಹಾಸ. ಯುವತಿಯರ ಮಟ್ಟಿಗೆ ನಿಜವಾದ ಚಿನ್ನ ಇಲ್ಲಿದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10ರಷ್ಟು ಮಾತ್ರ ನೇರವಾಗಿ ವಂಶವಾಹಿಯಿಂದ ಬರುವಂಥವು. ಆದರೆ ಬಿಆರ್‌ಸಿಎ-1 ಅಥವಾ ಬಿಆರ್‌ಸಿಎ-2ರ ದೋಷ ಇರುವ ಹೆಣ್ಣಿಗೆ 80 ತುಂಬುವುದರೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ. 70; ಕಾಯಿಲೆ ಕಾಣಿಸಿಕೊಳ್ಳುವುದೂ ಬೇಗ. ಅಂಥವರಿಗೆ ಇಪ್ಪತ್ತೈದರಿಂದಲೇ ಎಂಆರ್‌ಐ ತಪಾಸಣೆ ಇದೆ, ಔಷಧಗಳಿವೆ, ಬೇಕೆಂದವರಿಗೆ ಶಸ್ತ್ರಚಿಕಿತ್ಸೆ ಇದೆ. ಬಾಲ್ಯದಲ್ಲೋ ಹರೆಯದಲ್ಲೋ ಬೇರೆ ಕ್ಯಾನ್ಸರ್‌ಗೆಂದು ಎದೆಗೆ ವಿಕಿರಣ ಚಿಕಿತ್ಸೆ ಪಡೆದವರೂ ಇದೇ ಸಾಲಿನವರು. ಅವರಿಗೆ ಬೇಗನೆ ತಪಾಸಣೆ ಶುರುವಾಗಬೇಕು ಎಂಬುದು ಎಷ್ಟೋ ಮಂದಿಗೆ ಯಾರೂ ಹೇಳಿರುವುದಿಲ್ಲ. ಇನ್ನು ಎಲ್ಲರೂ ಮರೆಯುವ ಸಂಗತಿ: ಈ ದೋಷ ತಂದೆಯಿಂದಲೂ ಬರುತ್ತದೆ. "ಕುಟುಂಬದಲ್ಲಿ ಯಾರಿಗಾದರೂ?" ಎಂದು ಕೇಳಿದರೆ ಹುಡುಗಿಯರು ತಾಯಿ, ಅಜ್ಜಿ, ಚಿಕ್ಕಮ್ಮಂದಿರನ್ನು ನೆನಪಿಸಿಕೊಂಡು ಇಲ್ಲ ಎನ್ನುತ್ತಾರೆ. ಅತ್ತೆಯಂದಿರನ್ನು ಎಣಿಸುವುದೇ ಇಲ್ಲ. ಅಂಡಾಶಯದ ಕ್ಯಾನ್ಸರ್ ಆದವರನ್ನೂ ಎಣಿಸುವುದಿಲ್ಲ, ಅದೂ ಇದೇ ವಂಶವಾಹಿಗಳ ಕೈವಾಡ ಆಗಿರಬಹುದು.

ಮದ್ಯದಿಂದ ಅಪಾಯ ಹೆಚ್ಚುತ್ತದೆ, ದೈಹಿಕ ಚಟುವಟಿಕೆಯಿಂದ, ಹಾಲೂಡಿಸುವುದರಿಂದ ಸ್ವಲ್ಪ ಇಳಿಯುತ್ತದೆ. ಇವನ್ನು ಹೇಳಬಹುದು, ಹೇಳಿ ಮುಂದೆ ಹೋಗಬಹುದು. "ಹೀಗೆ ಬದುಕಿದರೆ ಬರುವುದಿಲ್ಲ" ಎಂಬ ಧಾಟಿ ಬಂದರೆ, ಬಂದವರ ತಲೆಗೆ ತಪ್ಪು ಕಟ್ಟಿದಂತಾಗುತ್ತದೆ.

ಬರೀ ಪ್ರಚಾರಕ್ಕೂ ತಿಳಿವಳಿಕೆಗೂ ಇರುವ ಅಂತರವನ್ನು 2013 ಚೆನ್ನಾಗಿ ತೋರಿಸಿತು. ನಟಿ ಆಂಜೆಲಿನಾ ಜೋಲಿ ತಮಗೆ ಬಿಆರ್‌ಸಿಎ-1 ದೋಷ ಇದೆಯೆಂದೂ ಎರಡೂ ಸ್ತನಗಳನ್ನು ತೆಗೆಸಿಕೊಂಡೆನೆಂದೂ ಬರೆದರು. ಬ್ರಿಟನ್ನಿನ ಕುಟುಂಬ ಇತಿಹಾಸದ ಕ್ಲಿನಿಕ್‌ಗಳಿಗೆ ಆ ಬೇಸಿಗೆಯಲ್ಲಿ ಬಂದವರ ಸಂಖ್ಯೆ ಹಿಂದಿನ ವರ್ಷದ ಎರಡೂವರೆ ಪಟ್ಟು ಆಯಿತು. ಅಮೆರಿಕದ ಒಂದು ಸಮೀಕ್ಷೆಯಲ್ಲಿ ಸುಮಾರು ಮುಕ್ಕಾಲು ಪಾಲು ಜನ ಸುದ್ದಿ ಕೇಳಿದ್ದರು. ಜೋಲಿಯವರ ಅಪಾಯ ಎಷ್ಟು, ಸಾಮಾನ್ಯ ಹೆಣ್ಣಿನದು ಎಷ್ಟು ಎಂಬುದನ್ನು ಸರಿಯಾಗಿ ಅರ್ಥಮಾಡಿಕೊಳ್ಳುವಷ್ಟು ಮಾಹಿತಿ ಇದ್ದವರು ಶೇ. 10ಕ್ಕಿಂತ ಕಡಿಮೆ. ಸುದ್ದಿ ಊರೆಲ್ಲ ಸುತ್ತಿತು, ಅರ್ಥ ಮಾತ್ರ ಹೊಸ್ತಿಲಲ್ಲೇ ನಿಂತಿತು.

ಈಗ ಆ ಹತ್ತೊಂಬತ್ತರ ಹುಡುಗಿಯ ಪ್ರಶ್ನೆಗೆ ಬರೋಣ: ಸಿಕ್ಕರೆ ಎಲ್ಲಿಗೆ ಹೋಗಬೇಕು? ಮುಂಬೈಯಲ್ಲಿ 1998ರಿಂದ ನಡೆದ ದೊಡ್ಡ ಪ್ರಯೋಗವೊಂದರಲ್ಲಿ 35ರಿಂದ 64 ವರ್ಷದ 1,51,538 ಮಹಿಳೆಯರು ಭಾಗಿಯಾದರು. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು, ತಿಳಿವಳಿಕೆ ಕೊಟ್ಟರು. 2021ರಲ್ಲಿ ಇಪ್ಪತ್ತು ವರ್ಷದ ಫಲಿತಾಂಶ ಬಂತು. ಮುಂದುವರಿದ ಹಂತದಲ್ಲಿ ಪತ್ತೆಯಾದವರ ಪಾಲು ಶೇ. 47ರಿಂದ 37ಕ್ಕೆ ಇಳಿದಿತ್ತು. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ಐವತ್ತರೊಳಗಿನವರಲ್ಲಿ ಸಾವು ಕಡಿಮೆಯಾದದ್ದು ಕಾಣಲಿಲ್ಲ. ಈ ಕೊನೆಯ ಸಾಲನ್ನು ನುಂಗಿಕೊಂಡು ಭಾಷಣ ಮಾಡುವವರನ್ನು ನಾನು ನಂಬುವುದಿಲ್ಲ. ಯುವತಿಯರಿಗೆ ಶಿಕ್ಷಣ ಕೊಟ್ಟರೆ ಇಷ್ಟು ಜೀವ ಉಳಿಯುತ್ತದೆ ಎಂದು ಯಾವ ಸಚಿವರೂ ಅಂಕಿ ಕೊಟ್ಟು ಹೇಳುವ ಹಾಗಿಲ್ಲ.

ಹೇಳಬಹುದಾದದ್ದು ಇಷ್ಟು. ಕಂಡ ಲಕ್ಷಣಕ್ಕೂ ಚಿಕಿತ್ಸೆಗೂ ನಡುವಿನ ಕಾಲ ಉದ್ದವಾದಷ್ಟೂ ಕೆಡುಕು. 1999ರಲ್ಲಿ 87 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರು ತಿಂಗಳು ಅಥವಾ ಹೆಚ್ಚು ತಡವಾದವರಲ್ಲಿ ಐದು ವರ್ಷ ಬದುಕುಳಿಯುವ ಪ್ರಮಾಣ ಶೇ. 12ರಷ್ಟು ಕಡಿಮೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಜಾಗತಿಕ ಸ್ತನ ಕ್ಯಾನ್ಸರ್ ಉಪಕ್ರಮ ಇದೇ ಜಾಡು ಹಿಡಿದಿದೆ: ಕಾಯಿಲೆಯಲ್ಲಿ ಶೇ. 60ಕ್ಕಿಂತ ಹೆಚ್ಚು ಆರಂಭದ ಹಂತಗಳಲ್ಲೇ ಪತ್ತೆಯಾಗಬೇಕು, ರೋಗಿ ಮೊದಲು ಬಂದ ದಿನದಿಂದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು, ಶೇ. 80ಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆ ಪೂರ್ತಿಗೊಳಿಸಬೇಕು. ನಡುವಿನ ಆ 60 ದಿನವನ್ನು ನಾನು ಬಹಳ ಮೆಚ್ಚುತ್ತೇನೆ, ಏಕೆಂದರೆ ಅದು ಹೆಣ್ಣಿನ ಮೇಲೆ ಹೊರಿಸಿದ ಹೊಣೆಯಲ್ಲ, ವ್ಯವಸ್ಥೆಯ ಮೇಲೆ ಹೊರಿಸಿದ್ದು.

ಆದ್ದರಿಂದ ನನ್ನ ಕೈಗೆ ಸರ್ಕಾರದ ನೂರು ರೂಪಾಯಿ ಕೊಟ್ಟರೆ, ಮೂವತ್ತನ್ನು ಪಾಠಕ್ಕೆ ಇಡುತ್ತೇನೆ. ಪಾಠ ಶಾಲೆಯ ಆರೋಗ್ಯ ಶಿಕ್ಷಣದೊಳಗೇ, ಮುಟ್ಟು, ಬೆಳವಣಿಗೆ ಇವುಗಳ ಜೊತೆಗೇ ನಡೆಯಲಿ. ಉಳಿದ ಎಪ್ಪತ್ತು ರೂಪಾಯಿ ಗಂಟು ಸಿಕ್ಕಿದ ಮೇಲಿನ ದಾರಿಗೆ. ಮೊದಲು ನೋಡುವ ವೈದ್ಯರಿಗೆ, ದಾದಿಯರಿಗೆ ಇಲಿಯನ್ನೂ ಕಲ್ಲನ್ನೂ ಬೆರಳಿನಿಂದ ಬೇರ್ಪಡಿಸುವ ತರಬೇತಿ. ಕೈಗೆಟಕುವ ದೂರದಲ್ಲಿ ಅಲ್ಟ್ರಾಸೌಂಡ್, ಸೂಜಿಯಿಂದ ಬಯಾಪ್ಸಿ ಮಾಡುವ ವ್ಯವಸ್ಥೆ. ವಾರಕ್ಕೊಂದು ದಿನ, ಪರಿಚಯದವರ ಕಣ್ಣು ತಪ್ಪಿಸಿ ಬರಬಹುದಾದ ಒಂದು ಕ್ಲಿನಿಕ್, ಅಲ್ಲಿ ಹೆಣ್ಣು ಪರೀಕ್ಷಕಿ. ಆಪ್ತಸಮಾಲೋಚನೆಯ ಸಮೇತ ವಂಶವಾಹಿ ಪರೀಕ್ಷೆ. ಕಾಯಿಲೆ ಖಚಿತವಾದ ತರುಣಿಗೆ ಕಿಮೊಥೆರಪಿ ಶುರುವಾಗುವ ಮೊದಲೇ ಮುಂದೆ ಮಕ್ಕಳು ಬೇಕೇ ಎಂದು ಕೇಳಿ, ಅಂಡಾಣು ಕಾಪಿಡುವ ಅವಕಾಶ ತಿಳಿಸುವ ಒಬ್ಬರು. ಈ ಕೊನೆಯದನ್ನು ತಡವಾಗಿ ಕೇಳಿದರೆ ಕೇಳಿಯೂ ಉಪಯೋಗವಿಲ್ಲ.

ಮಾಡಬಾರದ ಖರ್ಚೂ ಇದೆ. ಇಪ್ಪತ್ತೈದರವರಿಗೆ ಶಿಬಿರ ಹಾಕಿ ಉಚಿತ ಮ್ಯಾಮೊಗ್ರಾಂ ಮಾಡುವುದು ಅಂಥದ್ದು. ಎಳೆಯ ಸ್ತನದ ಸಾಂದ್ರ ಅಂಗಾಂಶ ಆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಹಾಲಿನಲ್ಲಿ ಸುಣ್ಣದ ಚುಕ್ಕೆ ಹುಡುಕಿದ ಹಾಗೆ. ಇನ್ನು ಅಕ್ಟೋಬರ್ ಬಂದರೆ ಕಟ್ಟಡಗಳಿಗೆ ಗುಲಾಬಿ ದೀಪ. ಈ ಜಾಗೃತಿ ಮಾಸ 1985ರಲ್ಲಿ ಶುರುವಾದದ್ದು ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೂ, ಸ್ತನ ಕ್ಯಾನ್ಸರ್ ಔಷಧವಾದ ಟಮಾಕ್ಸಿಫೆನ್ ತಯಾರಿಸುತ್ತಿದ್ದ ಕಂಪನಿಯ ಔಷಧ ವಿಭಾಗವೂ ಕೈಜೋಡಿಸಿದ್ದರಿಂದ. ಅದರಿಂದ ಒಳ್ಳೆಯದೂ ಆಗಿದೆ, ಈ ಕಾಯಿಲೆಯ ಹೆಸರನ್ನು ಗಟ್ಟಿಯಾಗಿ ಹೇಳುವಂತಾಯಿತು. ಆದರೆ ಬಯಾಪ್ಸಿ ವರದಿಗೆ ಎರಡು ತಿಂಗಳು ಕಾಯಿಸುವ ವ್ಯವಸ್ಥೆಯೇ ಗೋಪುರಕ್ಕೆ ಗುಲಾಬಿ ಬೆಳಕು ಚೆಲ್ಲಿದರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನದೆ ಬೇರೇನು ಹೇಳಲಿ?

ಯಾವುದೇ ಸರ್ಕಾರಿ ಕಾರ್ಯಕ್ರಮದ ವರದಿ ನಿಮ್ಮ ಕೈಗೆ ಸಿಕ್ಕರೆ ಒಂದು ಅಂಕಣವನ್ನು ಹುಡುಕಿ. ಎಷ್ಟು ಕರಪತ್ರ ಹಂಚಿದರು, ಎಷ್ಟು ಸಭೆ ನಡೆಸಿದರು ಎಂಬುದು ಇದ್ದೇ ಇರುತ್ತದೆ. ಲಕ್ಷಣ ಕಂಡ ದಿನದಿಂದ ವೈದ್ಯರ ಬಳಿ ಬಂದ ದಿನಕ್ಕೆ ಎಷ್ಟು ಅಂತರ, ಅಲ್ಲಿಂದ ಉತ್ತರ ಸಿಗಲು ಎಷ್ಟು ದಿನ ಎಂಬುದು ಇದೆಯೇ ನೋಡಿ. ಇಲ್ಲದಿದ್ದರೆ ಆ ಹಣ ಮುದ್ರಣಾಲಯಕ್ಕೆ ಹೋಗಿದೆ ಎಂದು ತಿಳಿಯಬಹುದು.

ನಿಮ್ಮ ಹೆಣ್ಣುಮಕ್ಕಳ ವಿಚಾರ. ಕಿರಿಯವಳಿಗೆ ಏನೂ 'ಪರೀಕ್ಷೆ' ಬೇಡ. ಯಾವುದು ಸಹಜ ಎಂಬ ಮಾತುಕತೆ ಒಂದು ಸಂಜೆ ನಡೆದರೆ ಸಾಕು; ಏನಾದರೂ ಬದಲಾವಣೆ ಕಂಡರೆ ನಿಮಗೆ ಹೇಳಲು ಅವಳು ನಾಚಬಾರದು, ಹೇಳಿದಾಗ ನೀವು ಬೆಚ್ಚಬಾರದು. ಹಿರಿಯವಳಿಗೆ ಎಚ್ಚರದ ಚಿಹ್ನೆಗಳು ತಿಳಿದಿರಲಿ, ಹೋಗಬೇಕಾದ ಕ್ಲಿನಿಕ್‌ನ ಹೆಸರೂ ತಿಳಿದಿರಲಿ. ನೀವು ಮಾಡಬೇಕಾದ ಕೆಲಸ ಒಂದಿದೆ. ಒಂದು ಹಾಳೆಯಲ್ಲಿ ಎರಡೂ ಕಡೆಯ ಬಂಧುಗಳನ್ನು ಬರೆಯಿರಿ: ಯಾರಿಗೆ ಯಾವ ಕ್ಯಾನ್ಸರ್, ಎಷ್ಟನೆಯ ವಯಸ್ಸಿಗೆ. ಸ್ತನ, ಅಂಡಾಶಯ, ಮೇದೋಜೀರಕ ಗ್ರಂಥಿ, ಗಂಡಸರ ಪ್ರಾಸ್ಟೇಟ್ ಎಲ್ಲವೂ ಸೇರಲಿ. ನಿಮ್ಮ ತವರಿನ ಕಡೆಯದು ನಿಮಗೆ ಬಾಯಿಪಾಠ ಇರುತ್ತದೆ. ಪತಿಯ ಸೋದರಿಯರು, ಅತ್ತೆ, ಅವರ ಅಕ್ಕತಂಗಿಯರ ವಿಚಾರವನ್ನು ಕೇಳಿ ತಿಳಿದುಕೊಳ್ಳಿ. ಐವತ್ತರೊಳಗೆ ಸ್ತನ ಕ್ಯಾನ್ಸರ್ ಆದವರು, ಯಾವುದೇ ವಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರ್ ಆದವರು, ಸ್ತನ ಕ್ಯಾನ್ಸರ್ ಆದ ಗಂಡಸರು, ಇವರಲ್ಲಿ ಒಬ್ಬರೇ ಒಬ್ಬರು ಆ ಹಾಳೆಯಲ್ಲಿದ್ದರೂ, ಅದನ್ನು ಹಿಡಿದು ಹಿರಿಯವಳೊಂದಿಗೆ ಒಮ್ಮೆ ವಂಶವಾಹಿ ಸಲಹೆಗಾರರನ್ನು ಕಾಣಿ. ಯಾರೂ ಇಲ್ಲದಿದ್ದರೆ ಹಾಳೆಯನ್ನು ಮಡಚಿ ಇಡಿ, ವರ್ಷಕ್ಕೊಮ್ಮೆ ತೆರೆದು ಹೊಸದೇನಾದರೂ ಇದ್ದರೆ ಸೇರಿಸಿ.